ಚೀಟಿ ಅಂಟಿಸಿದವರಿಗೆ ಧನ್ಯವಾದ

ನಮ್ಮ ರಾಜಕೀಯ ಕ್ಲಬ್ಬಿನ ಸಹಾಯಾರ್ಥ ಊಟಕ್ಕೆ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದಿದ್ದರು. ಯಾವುದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಆಗ ನೀವು ಮುಂದೆ ಬಂದಿರಿ. ಒಬ್ಬೊಬ್ಬರನ್ನೂ ಕೇಳಿ, ಪಾತ್ರೆ ಪಾತ್ರೆಗೂ ಚೀಟಿ ಅಂಟಿಸಿದಿರಿ: ಕಡಲೆಕಾಯಿ ಇದೆ, ಹಾಲು ಇದೆ, ಮೊಟ್ಟೆ ಇಲ್ಲ. ಅಲರ್ಜಿ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಕಡಲೆಕಾಯಿಯ ಒಂದು ಚೂರು ಸಾಕು, ಕೆಲವರಿಗೆ ಉಸಿರೇ ಕಟ್ಟಬಹುದು. ಸೌಟುಗಳು ಅದಲುಬದಲಾಗದಂತೆಯೂ ನೋಡಿಕೊಂಡಿರಿ. ಮಾಡಿದ ಅಡುಗೆ 2 ಗಂಟೆಗಿಂತ ಜಾಸ್ತಿ ಹೊರಗಿರಬಾರದು ಎಂದು ನೆನಪಿಸಿ, ಉಳಿದದ್ದನ್ನು ಬೇಗ ಫ್ರಿಜ್‌ಗೆ ಸೇರಿಸಿದವರೂ ನೀವೇ.

ನೀವು ನಮ್ಮ ಪಕ್ಷದವರೂ ಅಲ್ಲವಂತೆ! ಅದು ನನಗೆ ಇನ್ನೂ ಇಷ್ಟವಾಯಿತು. ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ. ನಿಮಗೆ ಮನಸಾರೆ ಧನ್ಯವಾದ. ಮುಂದಿನ ಸಲವೂ ಖಂಡಿತ ಬನ್ನಿ, ಊಟಕ್ಕೂ ಕೂರಿ.