ಪೆನ್‌ಡ್ರೈವ್ ಹಿಡಿದು ಮಳೆಯಲ್ಲಿ ಬಂದ ಅಕ್ಕನಿಗೆ

ಪೆಬಲ್ ಎಂಬ ಸ್ಮಾರ್ಟ್ ವಾಚಿಗೆ ನಾವು ಬರೆದ ಆ್ಯಪು ಈಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮೂರೂ ಕಡೆಯ ಲ್ಯಾಪ್‌ಟಾಪುಗಳಲ್ಲಿ ಒಂದೇ ಥರ ಬಿಲ್ಡ್ ಆಗುತ್ತಿದೆ, ಅಂದರೆ ಕೋಡಿನಿಂದ ವಾಚಿಗೆ ಹಾಕುವ ಫೈಲಾಗಿ ತಯಾರಾಗುತ್ತಿದೆ. ಆ್ಯಪು ಯಾರಿಗೆ, ಯಾಕೆ ಎಂಬುದು ಬೇರೆ ಮಾತು. ಇಲ್ಲಿ ಬರೆಯಬೇಕಿರುವುದು ಋಣದ ಲೆಕ್ಕ.

ಕನ್ನಡದ ಒತ್ತಕ್ಷರವನ್ನು ಆ ವಾಚು ತಾನಾಗಿ ಜೋಡಿಸಿ ತೋರಿಸುವುದಿಲ್ಲವಾದ್ದರಿಂದ ಪದಪದವನ್ನೂ ಚಿತ್ರವಾಗಿ ಮಾಡಿಕೊಟ್ಟ ಸಾಗರದ ತಮ್ಮನಿಗೆ, ಆ್ಯಪಿಗೆ 24 ಕೆಬಿಯಷ್ಟೇ ಜಾಗ ಕೊಡುವ ಮೊದಲ ಕಾಲದ ಕಪ್ಪು-ಬಿಳುಪು ವಾಚನ್ನು ಪರೀಕ್ಷೆಗೆ ಬಿಟ್ಟುಕೊಟ್ಟವರಿಗೆ, ಯುಪಿಎಸ್ ಹೊತ್ತು ತಂದವರಿಗೆ ಕೈಮುಗಿದಿದ್ದೇನೆ.

ಉಳಿದದ್ದೆಲ್ಲ ತೀರ್ಥಹಳ್ಳಿಯ ಅಕ್ಕನಿಗೆ.

ಪೆಬಲ್ ಕಂಪನಿ 2016ರಲ್ಲೇ ಬಾಗಿಲು ಹಾಕಿತು. ನಾವು ಹಿಡಿದ ಹಳೆಯ ಎಸ್‌ಡಿಕೆ (ಆ್ಯಪು ತಯಾರಿಸುವ ಉಪಕರಣಗಳ ಕಟ್ಟು) ಕೇಳುವುದು ಪೈಥಾನ್ ಭಾಷೆಯ 2.7ನೇ ಆವೃತ್ತಿ, ಅದರ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಎಲ್ಲವನ್ನೂ ನಿಕ್ಸ್ ಫ್ಲೇಕಿನಲ್ಲಿ ಕಟ್ಟಿಹಾಕೋಣ ಎಂದವರು ಅಕ್ಕ. ನಿಕ್ಸ್ ಅಂದರೆ ಎಲ್ಲ ಕಡೆ ಅದದೇ ಆವೃತ್ತಿಯ ಉಪಕರಣಗಳನ್ನು ಕೂರಿಸುವ ತಂತ್ರಾಂಶ, ಫ್ಲೇಕ್ ಅಂದರೆ ಏನೇನು ಬೇಕೆಂದು ಅದಕ್ಕೆ ಬರೆದುಕೊಡುವ ಪಟ್ಟಿ. ನಿಕ್ಸ್ ಈ ಪೈಥಾನನ್ನು ಅಸುರಕ್ಷಿತವೆಂದು ತಡೆಯುತ್ತದೆ. ಆವೃತ್ತಿಯ ಪೂರ್ತಿ ಹೆಸರು ಬರೆದು ಒಪ್ಪಿಗೆ ಕೊಟ್ಟರಷ್ಟೇ ಬಿಡುತ್ತದೆ. ಯಾವುದನ್ನು ಎಲ್ಲಿಂದ ತರಬೇಕೆಂದು ನಿಗದಿಮಾಡುವ ಲಾಕ್ ಫೈಲ್ ಮುಂದೆ ಸರಿದರೆ ಆ ಹೆಸರೂ ಬದಲಾಗಬಹುದು, ಆಗ ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ. ಇದನ್ನು ಅವರು ಎರಡೆರಡು ಸಲ ಹೇಳಿದ್ದರು.

ಆದರೂ ಆರಿದ್ರಾ ಮಳೆಯ ಆ ಸಂಜೆ ‘ನಿಕ್ಸ್ ಫ್ಲೇಕ್ ಅಪ್‌ಡೇಟ್’ ಹೊಡೆದೆ, ಲಾಕ್ ಫೈಲನ್ನು ಮುಂದೆ ಸರಿಸುವ ಆಜ್ಞೆ ಅದೇ. ಡಿಸ್ಕಿನಲ್ಲಿ ಜಾಗ ಸಾಲದೆಂದು ಬೆನ್ನಿಗೇ ‘ನಿಕ್ಸ್-ಕಲೆಕ್ಟ್-ಗಾರ್ಬೇಜ್’ ಕೂಡ, ಬಳಕೆಯಲ್ಲಿಲ್ಲದ್ದನ್ನು ಅಳಿಸುವ ಆಜ್ಞೆ. ಲಾಕ್ ಫೈಲೇನೋ, ಕೋಡಿನ ಹಳೆಯ ರೂಪಗಳನ್ನು ಕಾದಿಡುವ ಗಿಟ್‌ನಿಂದ ವಾಪಸ್ ಬಂತು. ಆದರೆ ಅದರಲ್ಲಿರುವುದು ವಿಳಾಸ ಮತ್ತು ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ಮಾತ್ರ. ನಿಕ್ಸ್ ಎಲ್ಲವನ್ನೂ ಇಡುವ ಸ್ಟೋರಿನಲ್ಲಿದ್ದ ಸಾಮಾನು ಗುಡಿಸಿಹೋಗಿತ್ತು. ಟವರು ಸಾಯುವ ಮುಂಚೆ ಹೋದದ್ದು ಒಂದೇ ಮೆಸೇಜು. ಅಕ್ಕ ಕೊನೇ ಬಸ್ಸಿಗೆ ಬಂದಿಳಿದರು.

ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಹಾಗೇ ಇತ್ತು. ಉಪಕರಣಗಳನ್ನು ಕೈಗೆ ಕೊಡುವ ‘ನಿಕ್ಸ್ ಡೆವಲಪ್’ ಆಜ್ಞೆಯ ಜೊತೆ ಪ್ರೊಫೈಲ್ ಹೆಸರು ಕೊಟ್ಟರೆ ಆ ಸಾಮಾನಿಗೆ ಬೇರು ಸಿಗುತ್ತದೆ, ಕಸದ ಜೊತೆ ಹೋಗುವುದಿಲ್ಲ. ಆ ಪ್ರೊಫೈಲನ್ನು ‘ನಿಕ್ಸ್ ಕಾಪಿ’ಯಿಂದ ಪೆನ್‌ಡ್ರೈವಿಗೆ ಇಳಿಸಿ ನನ್ನದಕ್ಕೆ ಏರಿಸಲು ಹೋದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲವೆಂಬ ತಕರಾರು. ಅಧಿಕೃತ ಸರ್ವರಿನಿಂದ ಬಂದದ್ದಕ್ಕೆ ಸಹಿ ಇರುತ್ತದೆ, ಮನೆಯಲ್ಲೇ ಪ್ಯಾಚ್ (ತಿದ್ದುಪಡಿ) ಮಾಡಿದ ಕಂಪೈಲರಿಗೆ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಆ ಉಪಕರಣಕ್ಕೆ, ಎಲ್ಲಿಂದ ಬರಬೇಕು? ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ ಸಹಿ ತಪಾಸಣೆ ಬಿಡಿಸಿ ಏರಿಸಿದರು. ಆಮೇಲೂ ನಿಕ್ಸ್ ನೆಟ್ಟು ಬೇಕೆಂದೇ ಹಟ ಹಿಡಿಯಿತು. ಪ್ಯಾಕೇಜುಗಳು ಬಂದಿದ್ದವು, ಲಾಕ್ ಫೈಲ್ ಹೆಸರಿಸುವ ನಿಕ್ಸ್‌ಪ್ಯಾಕೇಜಸ್ ಮೂಲ, ಅಂದರೆ ಪ್ಯಾಕೇಜು ಕಟ್ಟುವ ಸೂತ್ರಗಳ ಸಂಗ್ರಹ, ಬಂದಿರಲಿಲ್ಲ. ಅದನ್ನು ತರುವುದು ‘ನಿಕ್ಸ್ ಫ್ಲೇಕ್ ಆರ್ಕೈವ್’ ಎಂಬ ಆಜ್ಞೆ.

ಮೂರು ಗಂಟೆಯ ಹೊತ್ತಿಗೆ, ಕಣ್ಣೆದುರೇ ಇರುವ ಪ್ಯಾಚ್ ಫೈಲನ್ನು ನಿಕ್ಸ್ ಇಲ್ಲವೇ ಇಲ್ಲ ಎಂದಾಗ, ನನಗೆ ಅಳು ಬಂತು. ಅಕ್ಕ ನೋಡಿಯೂ ನೋಡದವರಂತೆ ತಪ್ಪಿನ ಸಾಲನ್ನೇ ಮತ್ತೊಮ್ಮೆ ಓದಿದರು. "ಗಿಟ್ ಆ್ಯಡ್ ಮಾಡಿದ್ಯಾ ಮಾರಾಯ?" ಗಿಟ್‌ಗೆ ಸೇರಿಸದ ಫೈಲು ಫ್ಲೇಕಿನ ಕಣ್ಣಿಗೆ ಬೀಳುವುದಿಲ್ಲ. ಕಮಿಟ್ ಕೂಡ ಬೇಡ, ಆ್ಯಡ್ ಮಾಡಿದರೆ ಸಾಕು.

ಬೆಳಕು ಹರಿಯುವ ಹೊತ್ತಿಗೆ ಲ್ಯಾಪ್‌ಟಾಪಿನಲ್ಲೇ ವಾಚನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ 180×180 ಪಿಕ್ಸೆಲ್ಲಿನ ದುಂಡು ಪರದೆ ತೆರೆದುಕೊಂಡಿತು. ಅಕ್ಕ ಚಹಾ ಕುಡಿದು ಮೊದಲ ಬಸ್ಸು ಹತ್ತಿದರು.

ಮೂರು ಕಡೆ ಬಿಲ್ಡ್ ಆಗಿ ಬಂದ ಪಿಬಿಡಬ್ಲ್ಯು (ವಾಚಿಗೆ ಹಾಕುವ ಆ್ಯಪು) ಫೈಲುಗಳ ಹ್ಯಾಶ್ ಬೇರೆ ಬೇರೆ ಬರುತ್ತಿದೆಯಲ್ಲ ಎಂದು ಕೇಳಿದವರಿಗೆ: ಅದೊಂದು ಜಿಪ್, ಬಿಲ್ಡ್ ಆದ ಹೊತ್ತು ಅದರೊಳಗೆ ಸೇರಿಕೊಳ್ಳುತ್ತದೆ. ನಾವು ಒಂದೇ ಮಾಡಿರುವುದು ಉಪಕರಣಗಳನ್ನು, ಗಡಿಯಾರದ ಮುಳ್ಳನ್ನಲ್ಲ.

ಪೆನ್‌ಡ್ರೈವ್ ಅಕ್ಕನ ಮನೆಯಲ್ಲೇ ಇದೆ. ಹೊಸದಾಗಿ ಸೇರುವವರು ಡಿಸ್ಕಿನಲ್ಲಿ ಜಾಗ ಮಾಡಿಕೊಂಡು ಹೋಗಿ, ಮತ್ತೆ ಅಪ್‌ಡೇಟ್ ಮಾತ್ರ ಅವರನ್ನು ಕೇಳದೆ ಹೊಡೆಯಬೇಡಿ.