ಆಸ್ಕರ್ ಗೆದ್ದವರಿಗೂ ಮನೆಗೆಲಸದ ಪಾತ್ರ

ಮಾನ್ಯರೇ,

ಟಿ.ವಿ. ಧಾರಾವಾಹಿಗಳಲ್ಲಿ ‘ಏನ್ರೀ ಯಪ್ಪಾ’ ಎಂಬ ನಮ್ಮ ಕಲಬುರಗಿ ಕಡೆಯ ಮಾತು ಕೇಳಿಬಂದರೆ, ಆಡುತ್ತಿರುವವರು ಹೆಚ್ಚಾಗಿ ವಾಚ್‌ಮನ್ ಇಲ್ಲವೇ ಮನೆಗೆಲಸದವರು. ಇಲ್ಲಿನ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಪಳಗಿ ಬೆಂಗಳೂರಿಗೆ ಹೋಗುವ ಹುಡುಗಿಯರಿಗೂ ಇಂಥವೇ ಪಾತ್ರಗಳು ಕಾದಿರುತ್ತವೆ. ಆಗೆಲ್ಲ ನನಗೆ ಮಿಯೋಶಿ ಉಮೆಕಿ ನೆನಪಾಗುತ್ತಾರೆ.

ಜಪಾನಿನ ಒತಾರುವಿನಲ್ಲಿ 1929ರಲ್ಲಿ ಹುಟ್ಟಿದ ಉಮೆಕಿ, ನ್ಯಾನ್ಸಿ ಎಂಬ ಹೆಸರಿನಲ್ಲಿ ಜಾಝ್ ಹಾಡುತ್ತಿದ್ದರು. 1955ರಲ್ಲಿ ಅಮೆರಿಕಕ್ಕೆ ಹೋದರು. ಆರ್ಥರ್ ಗಾಡ್‌ಫ್ರೀ ಅವರ ಟಿ.ವಿ. ಕಾರ್ಯಕ್ರಮ ಅವರನ್ನು ಮನೆಮಾತಾಗಿಸಿತು. 1958ರಲ್ಲಿ ಪೋಷಕ ನಟಿ ಆಸ್ಕರ್ ಬಂತು. ನಟನೆಗೆ ಅದನ್ನು ಪಡೆದ ಪೂರ್ವ ಏಷ್ಯಾದ ಮೊದಲ ಮಹಿಳೆ ಅವರೇ. ಇಷ್ಟಾದರೂ 1969ರಿಂದ 1972ರವರೆಗೆ ಅಮೆರಿಕದ ಜನ ಟಿ.ವಿ.ಯಲ್ಲಿ ಕಂಡದ್ದು ಅರೆಬರೆ ಇಂಗ್ಲಿಷಿನ ಮನೆಗೆಲಸದಾಕೆಯನ್ನು! ಆಮೇಲೆ ನಟನೆಯನ್ನೇ ಬಿಟ್ಟರು. ಆಸ್ಕರ್ ಮೇಲಿದ್ದ ತಮ್ಮ ಹೆಸರನ್ನು ಕೆರೆದು ಅಳಿಸಿ, ಅದನ್ನು ಎಸೆದುಬಿಟ್ಟರೆಂದು ಮಗನೇ ಹೇಳಿದ್ದಾರೆ. ಇದಕ್ಕಿಂತ ಖಾರವಾದ ಪ್ರತಿಭಟನೆ ನನಗಂತೂ ಗೊತ್ತಿಲ್ಲ. 2007ರಲ್ಲಿ ಮಿಸೌರಿಯಲ್ಲಿ ತೀರಿಕೊಂಡರು.

ಧಾರಾವಾಹಿ ಮಾಡುವವರು ಒಮ್ಮೆ ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆದು ನೋಡಲಿ. ಇದೇ ಮಾತಾಡುವ ಡಾಕ್ಟರು, ವಕೀಲರು, ಪ್ರಾಧ್ಯಾಪಕಿಯರು ಬೇಕಾದಷ್ಟು ಸಿಗುತ್ತಾರೆ.

– ಓದುಗ, ಕಲಬುರಗಿ