ದನಿ ಹೋದಾಗ ನನಗೆ ಪಾಠ ಕಲಿಸಿದವರಿಗೆ

ಕಳೆದ ಶನಿವಾರ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡಿ, "ಗಂಟು ಕರಗಿದೆ ಮೇಡಂ, ಇನ್ನು ಮಾತಾಡಿ. ಕಿರುಚಬೇಡಿ ಅಷ್ಟೆ" ಅಂದರು. ಹೊರಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ "ಯಾರು ಮಾತಾಡ್ತಿರೋದು?" ಅಂದರು. ಐದು ತಿಂಗಳಲ್ಲಿ ನನ್ನ ದನಿ ಹೆತ್ತವಳಿಗೇ ಗುರುತು ಸಿಗದ ಹಾಗಾಗಿತ್ತು.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರ ಹತ್ತಿರ ಹೋಗಿ ಹೇಳುತ್ತಾ ಕೂತರೆ ಗಂಟಲು ಮತ್ತೆ ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 5ನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. 14 ವರ್ಷದಿಂದ ನನ್ನ ಪಾಠ ಅಂದರೆ ನನ್ನ ಬಾಯಿ. ಕಡೇ ಬೆಂಚಿಗೂ ಕೇಳಬೇಕು ಅಂತ ಕೂಗುವುದೇ ಒಳ್ಳೇ ಪಾಠ ಅಂದುಕೊಂಡಿದ್ದೆ. ದಸರಾ ರಜೆ ಮುಗಿಸಿ ಬಂದಾಗ ದನಿ ಒಡೆಯಿತು. ಮೊದಲು ಹೋದ ಕಡೆ ಮೂರು ವಾರ ಕೆಮ್ಮಿನ ಔಷಧಿ ಕುಡಿಸಿದರು. ಆಮೇಲೆ ಗೊತ್ತಾಯಿತು, ದನಿ ಹೊರಡಿಸುವ ತಂತುಗಳ ಮೇಲೆ ಗಂಟು ಕಟ್ಟಿದೆ ಅಂತ. ಟೀಚರುಗಳಿಗೆ, ಹಾಡುವವರಿಗೆ ಇದು ಜಾಸ್ತಿಯಂತೆ. ಎರಡು ವಾರ ಪೂರ್ತಿ ಮೌನ, ಪಿಸುಮಾತೂ ಕೂಡದು. ಆಮೇಲೆ ಕೆಲವು ತಿಂಗಳು ಥೆರಪಿ, ಅಳೆದು ತೂಗಿ ಮಾತು.

ಗಂಟಲಿಗೆ ಅಂತ ಹಾಕಿದ್ದ ರಜೆ ಮುಗಿಯಿತು, ಗಂಟಲು ವಾಸಿಯಾಗಲಿಲ್ಲ. ಕೊರಳಿಗೆ ಸ್ಲೇಟು ನೇತುಹಾಕಿಕೊಂಡು ಶಾಲೆಗೆ ಹೋದೆ.

ಮೊದಲ ದಿನ ಪೂರಾ ಬೋರ್ಡ್ ಮೇಲೆ ಬರೆದೆ. ಓದಲು ಬರುವವರು ನಕಲು ಮಾಡಿಕೊಂಡರು. ಉಳಿದವರು ಸುಮ್ನೆ ಕೂತರು. ಸುಮ್ಮನಿದ್ದಾಗ ಮಕ್ಕಳ ಮುಖ ಚೆನ್ನಾಗಿ ಕಾಣುತ್ತದೆ. ನನ್ನ ತರಗತಿಯಲ್ಲಿ 31 ಮಕ್ಕಳು. ಸುಮಾರು ಅರ್ಧದಷ್ಟು ಮಂದಿಯ ಮನೆಮಾತು ತೆಲುಗು. ರೇಷ್ಮೆ ನೂಲು ಬಿಚ್ಚುವ ಮನೆಗಳ ಆರು ಮಕ್ಕಳದು ಉರ್ದು. ಒಬ್ಬ ಹುಡುಗನಿಗೆ ದೃಷ್ಟಿ ಮಂದ. ಒಬ್ಬಳು ಹುಡುಗಿ ಎಂಥಾ ಲೆಕ್ಕವನ್ನೂ ಮನಸ್ಸಲ್ಲೇ ಮಾಡುತ್ತಾಳೆ, ಆದರೆ ಪುಸ್ತಕ ತೆರೆದರೆ ಅಕ್ಷರ ಹಿಡಿತಕ್ಕೆ ಸಿಗುವುದಿಲ್ಲ. ನಾನು ಇಷ್ಟು ವರ್ಷ ಕೂಗಿದ್ದು ಇವರಲ್ಲಿ ಯಾರಿಗೆ ಅಂತ ಅವತ್ತು ಯೋಚನೆ ಬಂತು.

ಎಲ್ಲರಿಗಿಂತ ಮೊದಲು ಬಿಸಿಯೂಟದ ಅಡುಗೆ ಅಕ್ಕನಿಗೆ ಥ್ಯಾಂಕ್ಸ್. ಭಿನ್ನರಾಶಿ ಪಾಠ ಎದುರಿಗಿತ್ತು. ಸ್ಲೇಟಿನ ಮೇಲೆ "ಏನು ಮಾಡಲಿ?" ಅಂತ ಬರೆದು ತೋರಿಸಿದೆ. ಅಕ್ಕ ಮಾರನೇ ದಿನ ತಮ್ಮ ಮನೆಯಿಂದ ಹಳೇ ಸೇರು, ಅಚ್ಚೇರು, ಪಾವು ಮೂರನ್ನೂ ತಂದರು, ಜೊತೆಗೆ ಅರ್ಧ ಚೀಲ ರಾಗಿ. ಎರಡು ಅಚ್ಚೇರು ಸೇರಿದರೆ ಒಂದು ಸೇರು, ನಾಲ್ಕು ಪಾವು ಸೇರಿದರೂ ಒಂದು ಸೇರು. ನೆಲದ ಮೇಲೆ ಬೆಡ್‌ಶೀಟ್ ಹಾಸಿ ನಡುವೆ ಸೇರು ಇಟ್ಟೆ. ಒಂದು ಪಾವು ರಾಗಿ ಸುರಿದು ಸ್ಲೇಟಿನಲ್ಲಿ 1/4 ಅಂತ ಬರೆದೆ. ಇನ್ನೊಂದು ಸುರಿದು 2/4. ಆಮೇಲೆ ಆ ರಾಗಿಯನ್ನೇ ಅಚ್ಚೇರಿಗೆ ಬಗ್ಗಿಸಿದೆ. ಅಂಚಿನವರೆಗೆ ತುಂಬಿತು. ದೃಷ್ಟಿ ಮಂದವಿರುವ ಹುಡುಗ ಅಂಗೈಯಿಂದ ಮೇಲ್ಭಾಗ ಸವರಿ, "ಸಮ ಆಯ್ತು. ಅರ್ಧ!" ಅಂದ. ನಾನು ಬಾಯಿ ಬಿಟ್ಟಿರಲಿಲ್ಲ.

ಮೂರನೇ ಪಾವು ಬಿದ್ದಾಗ ಹಿಂದಿನಿಂದ ಒಬ್ಬ "ಮುಪ್ಪಾವು" ಅಂದ. ತೆಲುಗಿನಲ್ಲಿ ಮುಕ್ಕಾಲಿಗೆ ಹಾಗೇ ಅನ್ನುವುದು. ಆ ಹುಡುಗ ಜೂನ್‌ನಿಂದ ನನ್ನ ತರಗತಿಯಲ್ಲಿ ತಾನಾಗೇ ಬಾಯಿ ತೆರೆದದ್ದು ಅದೇ ಮೊದಲು. "ನಮ್ಮನೇಲೂ ಪಾವ್ ಅಂತಾರೆ ಮಿಸ್" ಅಂದಳು ಉರ್ದು ಮನೆಯ ಹುಡುಗಿ. ಮೂರು ಭಾಷೆಗೂ ಕಾಲುಭಾಗಕ್ಕೆ ಒಂದೇ ಮಾತು ಇದೆ. ಇದು 14 ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಅಕ್ಷರ ಹಿಡಿತಕ್ಕೆ ಸಿಗದ ಆ ಹುಡುಗಿ ಆರು ಪಾವು ಸುರಿದು, "ಒಂದು ಸೇರು, ಒಂದು ಅಚ್ಚೇರು" ಅಂತ ಎರಡನ್ನೂ ಪಕ್ಕಪಕ್ಕ ಇಟ್ಟಳು. 6/4 ಅಂದರೆ ಒಂದೂವರೆ. ಅದೇ ಲೆಕ್ಕಕ್ಕೆ ಹಿಂದಿನ ವಾರ ಬರವಣಿಗೆಯ ಟೆಸ್ಟ್‌ನಲ್ಲಿ ನಾನು ಅವಳಿಗೆ ಸೊನ್ನೆ ಕೊಟ್ಟಿದ್ದೆ. ಆ ಸೊನ್ನೆ ಅವಳದ್ದಲ್ಲ, ನನ್ನ ಪ್ರಶ್ನೆಪತ್ರಿಕೆಯದ್ದು. ಕ್ಷಮಿಸು ಮಗಳೇ.

ರೇಷ್ಮೆ ಹುಳು ಸಾಕುವ ಒಬ್ಬ ತಂದೆ ಮಗನನ್ನು ಬಿಡಲು ಬಂದವರು ನನ್ನ ಪಾಡು ನೋಡಿ ಹೇಳಿದರು: "ಚಾಕಿ ಹುಳಕ್ಕೆ, ಅಂದ್ರೆ ಮರಿ ಹುಳಕ್ಕೆ, ಸೊಪ್ಪು ಸಣ್ಣಗೆ ಹೆಚ್ಚಿ ಹಾಕ್ತೀವಿ. ದೊಡ್ಡದಾದ್ಮೇಲೆ ಕಡ್ಡಿ ಸಮೇತ ಇಟ್ರೂ ತಿನ್ನುತ್ತೆ. ತೋಟ ಅದೇ ಅಲ್ವಾ ಮೇಡಂ?" ಅವತ್ತು ರಾತ್ರಿ ಪರಿಸರ ಅಧ್ಯಯನದ ಒಂದು ಪಾಠವನ್ನು ಮೂರು ಥರ ಮಾಡಿದೆ. ಚಿತ್ರದ ಜೊತೆ ಒಂದೊಂದೇ ಸಾಲಿನ ಕಾರ್ಡು, ದೊಡ್ಡ ಅಕ್ಷರದ ಅರ್ಧ ಪುಟ, ಆಮೇಲೆ ಪುಸ್ತಕದ ಪಾಠ. ಯಾರು ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಕಾರ್ಡಿಗೆ ಮಕ್ಕಳೇ "ಹೆಚ್ಚಿದ ಸೊಪ್ಪು" ಅಂತ ಹೆಸರಿಟ್ಟರು. 7ನೇ ತರಗತಿಯ ಒಬ್ಬಳು ಊಟದ ಬಿಡುವಿನಲ್ಲಿ ಪಾಠಗಳನ್ನೆಲ್ಲ ಓದಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಅವಳು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅನ್ನುವುದು ಈಗ ನಮ್ಮ ತರಗತಿಗೆಲ್ಲ ಬಾಯಿಪಾಠ.

1ರಿಂದ 3ನೇ ತರಗತಿಯ ನಲಿಕಲಿ ನೋಡಿಕೊಳ್ಳುವ ನಮ್ಮ ಮೇಡಂ ಇದನ್ನೆಲ್ಲ ನೋಡಿ ನಕ್ಕರು. "ಇದನ್ನೇ ನಾವು ಪಕ್ಕದ ಕೊಠಡಿಯಲ್ಲಿ ಮಾಡ್ತಿದ್ದೀವಲ್ಲ" ಅಂದರು. ನಿಜ. ಚಿಂತಾಮಣಿಯಿಂದ ಮದನಪಲ್ಲಿ ಕಡೆ ಹೋದರೆ ಸಿಗುವ ರಿಷಿ ವ್ಯಾಲಿ ಅನ್ನುವ ವಿದ್ಯಾಸಂಸ್ಥೆಯ ಪ್ರಯೋಗ ನೋಡಿಕೊಂಡು, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಕಾರ್ಡು, ಕಲಿಕಾ ಏಣಿ, ಮಗುವಿನ ಓಟಕ್ಕೆ ತಕ್ಕ ಮೆಟ್ಟಿಲು. ಅಲ್ಲಿ ಮೂರು ವರ್ಷ ಓಡಾಡಿಕೊಂಡು ಕಲಿತ ಮಕ್ಕಳನ್ನು 4ನೇ ತರಗತಿಗೆ ಬಂದ ಕೂಡಲೇ ಸಾಲಾಗಿ ಕೂರಿಸಿ "ಕೈಕಟ್ಟಿ" ಅನ್ನುವವರು ನಾವು. ಆ ಮೇಡಂ ತಮ್ಮ ಹಳೇ ಕಾರ್ಡಿನ ಟ್ರೇಗಳನ್ನು ಕೊಟ್ಟರು. ಬೈಯಲಿಲ್ಲ, ಅದು ಅವರ ದೊಡ್ಡತನ.

ಇದಕ್ಕೊಂದು ಹೆಸರಿದೆ ಅಂತ ಹೇಳಿದವರು ನಮ್ಮ ಬಿಐಇಆರ್‌ಟಿ ಮೇಡಂ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬ್ಲಾಕ್‌ನಲ್ಲಿರುವ ಸಂಪನ್ಮೂಲ ಶಿಕ್ಷಕಿ. ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್, ಚಿಕ್ಕದಾಗಿ ಯುಡಿಎಲ್. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕ್ಯಾಸ್ಟ್ ಅನ್ನುವ ಸಂಸ್ಥೆ ಇದನ್ನು ಬೆಳೆಸಿತಂತೆ. ಕಂಪ್ಯೂಟರಿನಿಂದ ಅಂಗವಿಕಲ ಮಕ್ಕಳಿಗೆ ನೆರವಾಗಲು ಹೊರಟವರು, ತಿದ್ದಬೇಕಾದದ್ದು ಪಾಠವನ್ನೇ ಅನ್ನುವಲ್ಲಿಗೆ ಬಂದರು. ಮಕ್ಕಳಿಗೆ ಆಸೆ ಹುಟ್ಟಿಸಲು, ವಿಷಯ ತೋರಿಸಲು, ಕಲಿತದ್ದನ್ನು ಮಕ್ಕಳು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ. ಅಷ್ಟೆ. ಯೂನಿವರ್ಸಲ್ ಡಿಸೈನ್, ಅಂದರೆ ಎಲ್ಲರೂ ಬಳಸುವ ಹಾಗೆ ಮೊದಲೇ ಕಟ್ಟುವುದು, ಅನ್ನುವ ಮಾತು ಬಂದದ್ದು ಕಟ್ಟಡದವರಿಂದ. ಅದನ್ನು ಬಳಕೆಗೆ ತಂದ ರಾನ್ ಮೇಸ್ ಅನ್ನುವ ವಾಸ್ತುಶಿಲ್ಪಿ ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ನಮ್ಮ ಶಾಲೆಯ ರ‍್ಯಾಂಪ್ ಮೇಲೆ ಇದುವರೆಗೆ ಗಾಲಿಕುರ್ಚಿ ಬಂದಿಲ್ಲ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮೊಣಕಾಲು ನೋವಿನ ಎಚ್‌ಎಂ ಸಾರ್ ಎಲ್ಲ ಅದರಲ್ಲೇ ಹತ್ತುವುದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಯೂನಿವರ್ಸಲ್ ಡಿಸೈನ್ ಅನ್ನುವ ಈ ಮಾತು ಇದೆ. ಆ ಕಾಯ್ದೆಯ 21 ಬಗೆಯ ಅಂಗವೈಕಲ್ಯದ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ.

ಅದೇ ಮೇಡಂ ನನ್ನ ಒಂದು ಚಾರ್ಟನ್ನು ಮುಲಾಜಿಲ್ಲದೆ ಹರಿದರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳ ಹೆಸರು ಬರೆದು ಗೋಡೆಗೆ ಅಂಟಿಸಿದ್ದೆ. "ಹೀಗೆ ಜಾತಿ ಮಾಡಬೇಡಿ. ಇವತ್ತು ಕೇಳಿ ಕಲಿತವನು ನಾಳೆ ಬೇರೆ ಪಾಠದಲ್ಲಿ ಮುಟ್ಟಿ ನೋಡಬೇಕು ಅಂತಾನೆ" ಅಂದರು. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಅನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲವಂತೆ. ಇನ್ನೊಂದು ಮಾತನ್ನೂ ಹೇಳಿದರು: ಗುರಿ ಗಟ್ಟಿಯಾಗಿರಲಿ, ದಾರಿ ಸಡಿಲ ಇರಲಿ. ಗಣಿತದಲ್ಲಿ ಗುರಿ ಭಿನ್ನರಾಶಿ, ಓದನ್ನು ಬಿಟ್ಟುಕೊಡಬಹುದು. ಕನ್ನಡ ಪೀರಿಯಡ್‌ನಲ್ಲಿ ಓದೇ ಗುರಿ, ಅಲ್ಲಿ ಅಕ್ಷರ ಹಿಡಿತಕ್ಕೆ ಸಿಗದ ಆ ಹುಡುಗಿಗೂ ವಿನಾಯಿತಿ ಇಲ್ಲ. ಸಮಯ ಮಾತ್ರ ಜಾಸ್ತಿ.

ಎಲ್ಲವೂ ಸರಿಹೋಯಿತು ಅಂತೇನಿಲ್ಲ. ನೀರಿನ ಪಾಠ ಆದ ಮೇಲೆ "ಬರೆಯಿರಿ, ಚಿತ್ರ ಬಿಡಿಸಿ, ಇಲ್ಲ ಅಭಿನಯಿಸಿ" ಅಂದೆ. 26 ಮಂದಿ ಚಿತ್ರ ಬಿಡಿಸಿದರು. ಬಿಂದಿಗೆ, ನಲ್ಲಿ. ಬಿಂದಿಗೆ, ನಲ್ಲಿ. ತಿದ್ದುತ್ತಾ ನನಗೇ ಬಾಯಾರಿತು. ಮುಂದಿನ ಸಲ, ಯಾವ ದಾರಿ ಹಿಡಿದರೂ ಮನೆಯ ನೀರನ್ನು ಕೊಳವೆಬಾವಿಯವರೆಗೆ ತೋರಿಸಬೇಕು ಅಂತ ಸ್ಲೇಟಿನಲ್ಲಿ ಬರೆದೆ. ಆಗ ಒಂದಿಷ್ಟು ಮಂದಿ ತಾವಾಗೇ ಬರವಣಿಗೆಗೆ ಬಂದರು.

ಎಚ್‌ಎಂ ಸಾರ್‌ಗೂ ಒಂದು ದೊಡ್ಡ ನಮಸ್ಕಾರ. ಶಾಲೆ ನೋಡಲು ಬಂದ ಒಬ್ಬ ಅಧಿಕಾರಿ, ನೆಲದ ತುಂಬಾ ರಾಗಿ, ಮಕ್ಕಳ ಗದ್ದಲ, ಮೂಲೆಯಲ್ಲಿ ಸುಮ್ಮನೆ ನಿಂತ ನನ್ನನ್ನು ನೋಡಿ ಮುಖ ಗಂಟಿಕ್ಕಿದರು. "ಟೀಚರ್ ಏನು ಮಾಡ್ತಿದ್ದಾರೆ?" ಅಂದರು. "ಸಾರ್, ಮೇಡಂಗೆ ಗಂಟಲಿಲ್ಲ, ಮಕ್ಕಳಿಗೆ ಇದೆ" ಅಂದರು ನಮ್ಮ ಎಚ್‌ಎಂ. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಟೀ ಕುಡಿಸಿದರು.

ಅಡುಗೆ ಅಕ್ಕಾ, ನಿಮ್ಮ ಸೇರು, ಅಚ್ಚೇರು, ಪಾವು ಇನ್ನೂ ನಮ್ಮ ತರಗತಿಯಲ್ಲೇ ಇವೆ. ಬೇಸಿಗೆ ರಜೆಗೆ ಮುಂಚೆ ಮನೆಗೆ ತಂದುಕೊಡುತ್ತೇನೆ. ಅಚ್ಚೇರಿನ ಅಂಚು ಸ್ವಲ್ಪ ನಜ್ಜಿದೆ. ಯಾರು ಬೀಳಿಸಿದ್ದು ಅಂತ ಮಾತ್ರ ಕೇಳಬೇಡಿ. 31 ಮಂದಿಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.